ಮಾಸ್ಕ್ ಒಳಗೆ ನೀರು ಬರುತ್ತಾ? ಪಟ್ಟಿ ಬಿಗಿ ಮಾಡಬೇಡಿ

ಪ್ರಶ್ನೆ: ಕಳೆದ ನವೆಂಬರ್‌ನಲ್ಲಿ ನಾನೂ ನನ್ನ ಹೆಂಡತಿಯೂ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮೊದಲ ಸಲ ಸ್ಕೂಬಾ ಡೈವಿಂಗ್ ಮಾಡಿದೆವು. ಇಬ್ಬರಿಗೂ ಒಂದೇ ತರಹದ ಮಾಸ್ಕ್ ಕೊಟ್ಟಿದ್ದರು. ಅವಳ ಮಾಸ್ಕ್‌ಗೆ ಒಂದು ಹನಿ ನೀರೂ ಬರಲಿಲ್ಲ. ನನ್ನದಕ್ಕೆ ಮಾತ್ರ ಉದ್ದಕ್ಕೂ ನೀರು ಬರುತ್ತಲೇ ಇತ್ತು. ಎರಡು ಸಲ ಪಟ್ಟಿ ಬಿಗಿ ಮಾಡಿಸಿಕೊಂಡೆ, ಪ್ರಯೋಜನ ಆಗಲಿಲ್ಲ. ಮೇಲೆ ಬಂದಾಗ ಹಣೆ ನೋವು, ಮೂಗಿನ ಬುಡದಲ್ಲಿ ಕೆಂಪು ಗೆರೆ. ಮೀನು ನೋಡಿದ್ದಕ್ಕಿಂತ ಕಣ್ಣು ಮುಚ್ಚಿಕೊಂಡಿದ್ದೇ ಜಾಸ್ತಿ. ಜನವರಿಯಲ್ಲಿ ಅಂಡಮಾನ್‌ಗೆ ಹೋಗಿ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡುವ ಯೋಚನೆ ಇದೆ. ಅದಕ್ಕೆ ಮೊದಲು ಸ್ವಂತ ಮಾಸ್ಕ್ ತಗೊಳ್ಳಬೇಕು. ಯಾವ ಕಂಪನಿಯದು ಒಳ್ಳೆಯದು? ನನಗೆ ಮೀಸೆ ಇದೆ, ಮೈನಸ್ ಎರಡೂವರೆ ಕನ್ನಡಕವೂ ಇದೆ.

ಉತ್ತರ: ಕಂಪನಿ ಹೆಸರು ಕೇಳಿದ್ದೀರಿ. ನಿಮ್ಮ ಮುಖ ನೋಡದೆ ನಾನು ಅದನ್ನು ಹೇಳಲಾರೆ. ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ ನೋಡಿ. ಅದೇ ಮಾಸ್ಕ್ ನಿಮ್ಮ ಹೆಂಡತಿಗೆ ಚೆನ್ನಾಗಿ ಕೂತಿತು. ಅಂದರೆ ಮಾಸ್ಕ್ ಕೆಟ್ಟದ್ದಲ್ಲ, ಅದು ಅವರ ಮುಖದ್ದು. ನಿಮ್ಮ ಮುಖದ್ದು ಬೇರೆ ಎಲ್ಲೋ ಇದೆ, ಹುಡುಕಬೇಕು.

ಮೊದಲು ಆ ಪಟ್ಟಿಯ ವಿಷಯ ಮುಗಿಸೋಣ. ನೀರು ಬಂದರೆ ಪಟ್ಟಿ ಎಳೆದು ಬಿಗಿ ಮಾಡುವುದು ಎಲ್ಲರೂ ಮಾಡುವ ತಪ್ಪು. ದೋಣಿಯ ಮೇಲೆ ಸಹಾಯಕ್ಕೆ ನಿಂತ ಹುಡುಗರೂ ಅದನ್ನೇ ಮಾಡುತ್ತಾರೆ. ಆದರೆ ನೀರನ್ನು ತಡೆಯುವುದು ಪಟ್ಟಿಯ ಕೆಲಸವೇ ಅಲ್ಲ. ಆ ಕೆಲಸ ಗಾಜಿನ ಸುತ್ತ ಇರುವ ಮೆತ್ತನೆಯ ಸಿಲಿಕೋನ್ ಅಂಚಿನದು. ನಾವದನ್ನು ಸ್ಕರ್ಟ್ ಅನ್ನುತ್ತೇವೆ. ಅದರ ತುದಿ ತುಂಬ ತೆಳ್ಳಗಿರುತ್ತದೆ. ಚರ್ಮದ ಮೇಲೆ ಅದು ಹಗುರವಾಗಿ ಮಲಗಿದರೆ ಸಾಕು, ಸುತ್ತಲಿನ ನೀರೇ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ. ಪಟ್ಟಿ ಇರುವುದು ಮಾಸ್ಕ್ ಜಾರಿ ಹೋಗದಿರಲಿ ಅಂತ, ಅಷ್ಟೇ. ನೀವು ಬಿಗಿ ಮಾಡಿದಾಗ ಆ ತೆಳ್ಳನೆಯ ತುದಿ ಮಡಚಿಕೊಳ್ಳುತ್ತದೆ, ಸುಕ್ಕಾಗುತ್ತದೆ. ಸುಕ್ಕಿನ ಸಂದಿಯಲ್ಲಿ ನೀರು ಬರುತ್ತದೆ. ಬಂತು ಅಂತ ಮತ್ತೆ ಬಿಗಿ ಮಾಡುತ್ತೀರಿ. ಕೊನೆಗೆ ಸ್ಕರ್ಟ್ ಪೂರ್ತಿ ಅದುಮಿ ಹೋಗಿ ಗಟ್ಟಿ ಫ್ರೇಮೇ ಹಣೆಗೂ ಮೂಗಿನ ಬುಡಕ್ಕೂ ತಾಗುತ್ತದೆ. ನಿಮ್ಮ ಕೆಂಪು ಗೆರೆ ಬಂದದ್ದು ಹಾಗೆ.

ನಾನೂ ಇದನ್ನು ದುಡ್ಡು ಕಳೆದುಕೊಂಡೇ ಕಲಿತವನು. ಕೋರ್ಸ್ ಮುಗಿಸಿದ ಹುಮ್ಮಸ್ಸಿನಲ್ಲಿ ಒಂದು ಅಂಗಡಿಗೆ ಹೋಗಿ ಅಲ್ಲಿದ್ದ ದುಬಾರಿ ಮಾಸ್ಕನ್ನೇ ತಂದೆ. ಅಂಗಡಿಯವರು ಮುಖಕ್ಕಿಟ್ಟು, "ಮೂಗಲ್ಲಿ ಉಸಿರು ಎಳೀರಿ" ಅಂದರು. ಎಳೆದೆ. ಗಪ್ಪನೆ ಅಂಟಿಕೊಂಡಿತು. ಖುಷಿಯಿಂದ ಕೊಂಡೆ. ಮೊದಲ ಡೈವ್‌ನಲ್ಲೇ ಎಡಗಣ್ಣಿನ ಕೆಳಗೆ ನೀರು. ಸುಮಾರು ಇಪ್ಪತ್ತು ಡೈವ್ ಅದರೊಂದಿಗೆ ಗುದ್ದಾಡಿದೆ. ಊಟಕ್ಕೆ ಕೂತರೂ ಮುಖದ ಮೇಲೆ ಮಾಸ್ಕಿನ ಅಚ್ಚು ಹಾಗೇ ಇರುತ್ತಿತ್ತು. ಕೊನೆಗೆ ಒಂದು ದಿನ ಬಾಡಿಗೆ ಪೆಟ್ಟಿಗೆಯಲ್ಲಿದ್ದ ಹಳೇ ಮಾಸ್ಕ್ ಒಂದನ್ನು ಸುಮ್ನೆ ಹಾಕಿಕೊಂಡು ಇಳಿದೆ. ನಲವತ್ತು ನಿಮಿಷ ಮುಖದ ಮೇಲೆ ಅದು ಇರುವುದೇ ಮರೆತು ಹೋಗಿತ್ತು.

ಉಸಿರು ಎಳೆದು ನೋಡುವ ಆ ಪರೀಕ್ಷೆ ಎಲ್ಲ ಕಡೆ ಹೇಳುತ್ತಾರೆ. ಅದನ್ನು ಪೂರ್ತಿ ನಂಬಬೇಡಿ. ಜೋರಾಗಿ ಎಳೆದರೆ ಹೆಚ್ಚುಕಡಿಮೆ ಯಾವ ಮಾಸ್ಕ್ ಆದರೂ ಅಂಟಿಕೊಳ್ಳುತ್ತದೆ. ಒಳಗೆ ಗಾಳಿ ಕಡಿಮೆಯಾದಾಗ ಮೆತ್ತನೆಯ ಸಿಲಿಕೋನ್ ಹಿಗ್ಗಿ ಸಂದಿಗಳನ್ನು ಮುಚ್ಚಿಬಿಡುತ್ತದೆ. ನೀರಿನೊಳಗೆ ನೀವು ಹಾಗೆ ಎಳೆದುಕೊಂಡೇ ಇರುವುದಿಲ್ಲ ಅಲ್ವಾ? ಬಾಯಲ್ಲಿ ಉಸಿರಾಡುತ್ತಿರುತ್ತೀರಿ. ನಡುವೆ ಒಂಚೂರು ಗಾಳಿ ಮೂಗಿನಿಂದ ಹೊರಬಂದರೆ ಆ ಎಳೆತ ಹೋಯಿತು. ಮುಚ್ಚಿದ್ದ ಸಂದಿ ಬಾಯಿ ಬಿಡುತ್ತದೆ.

ಹಾಗಾಗಿ ನಾನು ಪರೀಕ್ಷೆಯ ಕ್ರಮ ಬದಲಿಸಿದ್ದೇನೆ. ಪಟ್ಟಿಯನ್ನು ಗಾಜಿನ ಮುಂದಕ್ಕೆ ಮಡಚಿ. ತಲೆ ಹಿಂದಕ್ಕೆ ವಾಲಿಸಿ, ತಾರಸಿ ನೋಡುವ ಹಾಗೆ ಮುಖ ಮೇಲೆ ಮಾಡಿ. ಮಾಸ್ಕನ್ನು ಮುಖದ ಮೇಲೆ ಇಡಿ. ಒತ್ತಬೇಡಿ, ಉಸಿರು ಎಳೆಯಬೇಡಿ, ಅದರ ಭಾರಕ್ಕೇ ಅದು ಕೂರಲಿ. ಈಗ ಜೊತೆಗಿದ್ದವರು ಸುತ್ತಲೂ ಬಗ್ಗಿ ನೋಡಬೇಕು. ಹುಬ್ಬುಗಳ ನಡುವೆ, ಕಣ್ಣಿನ ಹೊರತುದಿಯ ಹತ್ತಿರ, ಕೆನ್ನೆ ಮೂಗು ಸೇರುವ ಗೆರೆಯಲ್ಲಿ, ಮೇಲ್ದುಟಿಯ ಮೇಲೆ. ಬೆಳಕು ಕಾಣುವಂಥ ಸಂದಿ ಎಲ್ಲಾದರೂ ಇದ್ದರೆ ಆ ಮಾಸ್ಕ್ ಕೆಳಗಿಡಿ. ಬೆಲೆ, ಬಣ್ಣ ನೋಡಿ ಮನಸ್ಸು ಕರಗಿಸಿಕೊಳ್ಳಬೇಡಿ. ಮುಖಕ್ಕೆ ಹೊಂದುವ ಮಾಸ್ಕ್ ಸಂದಿ ಇಲ್ಲದೆ ತಾನಾಗೇ ಕೂರುತ್ತದೆ.

ಅದು ಪಾಸಾಯಿತಾ? ಈಗ ಬಾಯಿಗೆ ರೆಗ್ಯುಲೇಟರ್‌ನ (ಸಿಲಿಂಡರ್‌ನ ಗಾಳಿ ಬಾಯಿಗೆ ಕೊಡುವ ಸಾಧನ) ಅಥವಾ ಸ್ನಾರ್ಕೆಲ್‌ನ (ನೀರಿನ ಮೇಲ್ಮೈಯಲ್ಲಿ ಉಸಿರಾಡುವ ಕೊಳವೆ) ಮೌತ್‌ಪೀಸ್ ಕಚ್ಚಿಕೊಂಡು ಇನ್ನೊಮ್ಮೆ ಮಾಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನನ್ನ ಪ್ರಕಾರ ಮುಖ್ಯವಾದದ್ದೇ ಇದು. ಮೌತ್‌ಪೀಸ್ ಕಚ್ಚಿದಾಗ ಮೇಲ್ದುಟಿ ಮುಂದಕ್ಕೆ ಬರುತ್ತದೆ, ಕೆನ್ನೆ ಒಳಕ್ಕೆ ಹೋಗುತ್ತದೆ, ಮೂಗಿನ ಪಕ್ಕದ ಗೆರೆ ಆಳವಾಗುತ್ತದೆ. ಕನ್ನಡಿ ಮುಂದೆ ನಿಂತು ನೋಡಿದರೆ ಬೇರೆಯವರ ಮುಖದ ಹಾಗೆ ಕಾಣುತ್ತದೆ. ನೀರಿನ ಕೆಳಗೆ ಇರುವುದು ಆ ಮುಖ. ನನ್ನ ದುಬಾರಿ ಮಾಸ್ಕ್ ಸೋತದ್ದು ಇಲ್ಲೇ. ಬಾಯಿ ಖಾಲಿ ಇದ್ದಾಗ ಸರಿಯಾಗಿತ್ತು, ಕಚ್ಚಿದಾಗ ಎಡಗಡೆ ಬಿಟ್ಟುಕೊಳ್ಳುತ್ತಿತ್ತು.

ಇಷ್ಟಾದ ಮೇಲೆ ಉಸಿರು ಎಳೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮೆಲ್ಲಗೆ. ಮುರುಡೇಶ್ವರದ ಕಡೆಯವರಿಗೆ ನಾನು ಹೇಳುವುದು, ಭಟ್ಕಳ ಮಲ್ಲಿಗೆ ಮೂಸುವಷ್ಟು ಎಳೆದರೆ ಸಾಕು ಅಂತ. ಉಸಿರು ಹಿಡಿದು, ಮುಖ ನೇರ ಮಾಡಿ, ಕೈ ಬಿಡಿ. ಅಷ್ಟು ಸಣ್ಣ ಎಳೆತಕ್ಕೇ ಮಾಸ್ಕ್ ಕೆಲವು ಸೆಕೆಂಡ್ ನಿಲ್ಲಬೇಕು. ಮೇಲಿಂದ ನಿಧಾನವಾಗಿ ಕಳಚಿಕೊಳ್ಳುತ್ತಿದ್ದರೆ ಎಲ್ಲೋ ಗಾಳಿ ನುಸುಳುತ್ತಿದೆ.

ಕೊನೆಗೆ ಪಟ್ಟಿ ಹಾಕಿಕೊಂಡು ಅಂಗಡಿಯಲ್ಲೇ ಐದು ಹತ್ತು ನಿಮಿಷ ಓಡಾಡಿ. ಜನ ನೋಡುತ್ತಾರೆ, ನೋಡಲಿ ಬಿಡಿ. ಗಾಜಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಒತ್ತಿ. ಹಣೆಯ ಎಲುಬಿಗೆ ಅಥವಾ ಮೂಗಿನ ಬುಡಕ್ಕೆ ಏನಾದರೂ ಗಟ್ಟಿಯಾಗಿ ತಾಗುತ್ತಿದೆಯಾ? ಅಂಗಡಿಯಲ್ಲಿ ಚೂರೇ ಚುಚ್ಚುವುದು ನೀರಿನಲ್ಲಿ ಅರ್ಧ ಗಂಟೆಗೆ ತಲೆನೋವಾಗುತ್ತದೆ.

ಮೂಗಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹಳೇ ಕಾಲದ ಮಾಸ್ಕ್‌ಗಳಲ್ಲಿ ಮೂಗಿಗೆ ಪ್ರತ್ಯೇಕ ಗೂಡು ಇರುತ್ತಿರಲಿಲ್ಲ. ಇಟಲಿಯ ಕ್ರೆಸ್ಸಿ ಕಂಪನಿ 1952ರಲ್ಲಿ ಮೂಗಿನ ಗೂಡು ಇರುವ ಮಾಸ್ಕ್ ತಂದಿತು. ಅದಕ್ಕೆ ಪಿನೋಕ್ಯೊ ಅಂತಲೇ ಹೆಸರು, ಉದ್ದ ಮೂಗಿನ ಮರದ ಗೊಂಬೆಯ ಹೆಸರು. ಈಗ ಎಲ್ಲ ಮಾಸ್ಕ್‌ಗಳಿಗೂ ಆ ಗೂಡು ಇದೆ. ಇದು ಅಂದಕ್ಕೆ ಬಂದದ್ದಲ್ಲ. 10 ಮೀಟರ್ ಕೆಳಗೆ ಇಳಿದರೆ ಒತ್ತಡ ಮೇಲಿನದರ ಎರಡರಷ್ಟು. ಕಿವಿ ಬಿಡಿಸಲು ಮೂಗು ಹಿಡಿದು ಊದಬೇಕು. ಮಾಸ್ಕ್ ಹಾಕಿಕೊಂಡೇ ಹೊರಗಿನಿಂದ ಮೂಗು ಹಿಡಿಯಲು ಆಗಬೇಕು. ಜೊತೆಗೆ ಮಾಸ್ಕ್ ಒಳಗಿನ ಗಾಳಿಯೂ ಅದೇ ಒತ್ತಡಕ್ಕೆ ಅರ್ಧಕ್ಕೆ ಕುಗ್ಗಲು ನೋಡುತ್ತದೆ. ಮೂಗಿನಿಂದ ಒಂಚೂರು ಗಾಳಿ ಬಿಟ್ಟು ಅದನ್ನು ತುಂಬಬೇಕು. ಬಿಡದಿದ್ದರೆ ಮಾಸ್ಕ್ ಮುಖವನ್ನು ಹೀರಲು ಶುರು ಮಾಡುತ್ತದೆ. ಕಣ್ಣು ಕೆಂಪಾಗಿ, ಸುತ್ತ ಕಪ್ಪುಗಟ್ಟಿ, ಯಾರೋ ಹೊಡೆದ ಹಾಗೆ ಕಾಣುತ್ತದೆ. ಈಜುವಾಗ ಹಾಕುವ ಗಾಗಲ್ಸ್ ಹಾಕಿ ಡೈವ್ ಮಾಡಬಾರದು ಅನ್ನುವುದು ಇದೇ ಕಾರಣಕ್ಕೆ. ಅದಕ್ಕೆ ಗಾಳಿ ತುಂಬಲು ದಾರಿಯೇ ಇಲ್ಲ. 2014ರಲ್ಲಿ ಡೆಕಾತ್ಲಾನ್ ತಂದ, ಆಮೇಲೆ ಎಲ್ಲರೂ ನಕಲು ಮಾಡಿದ, ಇಡೀ ಮುಖ ಮುಚ್ಚುವ ಮಾಸ್ಕ್ ಇದೆಯಲ್ಲ, ಅದೂ ನೀರಿನ ಮೇಲ್ಮೈಯಲ್ಲಿ ತೇಲುತ್ತಾ ನೋಡಲಿಕ್ಕೆ ಮಾತ್ರ. ಸ್ಕೂಬಾಗೆ ಅಲ್ಲ.

ಹಾಗಾಗಿ ನೋಡಬೇಕಾದ್ದು ಎರಡು. ಗೂಡಿನಲ್ಲಿ ಮೂಗು ಆರಾಮಾಗಿ ಕೂರಬೇಕು, ತುದಿ ಮುಂದಕ್ಕೆ ತಾಗಬಾರದು, ಹೊಳ್ಳೆಗಳನ್ನು ಪಕ್ಕದಿಂದ ಅದುಮಬಾರದು. ಮತ್ತೆ, ಎರಡು ಬೆರಳಲ್ಲಿ ಹೊರಗಿನಿಂದ ಪೂರ್ತಿ ಮುಚ್ಚಲು ಬರಬೇಕು. ನಮ್ಮಲ್ಲಿ ಹೊಳ್ಳೆ ಅಗಲ ಇರುವವರು ಬಹಳ. ಅವರಿಗೆ ಸಣ್ಣ ಗೂಡಿನ ಮಾಸ್ಕ್ ಕೊಟ್ಟರೆ ಮೂಗು ಇಡೀ ಮಾಸ್ಕನ್ನು ಮುಂದಕ್ಕೆ ತಳ್ಳುತ್ತದೆ, ಮೇಲ್ದುಟಿಯ ಹತ್ತಿರ ಸಂದಿ ಆಗುತ್ತದೆ. ಮೂಗಿನ ಬುಡ ತಗ್ಗಾಗಿರುವವರಿಗೆ ತೊಂದರೆ ಮೇಲೆ, ಹುಬ್ಬುಗಳ ನಡುವೆ. ಹೆಂಗಸರು ಕೇಳುವ ಇನ್ನೊಂದು ಪ್ರಶ್ನೆ ಮೂಗುಬೊಟ್ಟಿನದು. ಅದು ಗೂಡಿನ ಒಳಗೆ ಉಳಿಯುವುದರಿಂದ ನೀರು ಬರಲಿಕ್ಕೆ ಕಾರಣ ಆಗುವುದಿಲ್ಲ, ಆದರೆ ಮೂಗು ಹಿಡಿದಾಗ ಚುಚ್ಚುತ್ತದೆ. ತೆಗೆದಿಟ್ಟರೆ ಒಳ್ಳೆಯದು. ಹಣೆಯ ಸ್ಟಿಕರ್ ಬಿಂದಿ ಮಾತ್ರ ಕಡ್ಡಾಯವಾಗಿ ತೆಗೆಯಿರಿ. ಅದು ಕೂರುವುದು ಸರಿಯಾಗಿ ಸ್ಕರ್ಟ್‌ನ ತುದಿ ಕೂರುವ ಜಾಗದಲ್ಲೇ!

ಈಗ ನಿಮ್ಮ ಮೀಸೆಗೆ ಬರೋಣ. ತೆಗೆಯಲೇಬೇಕಾ ಅಂತ ಕೇಳಿಲ್ಲ ನೀವು, ಕೇಳಲು ಹೆದರಿದಿರಿ ಅಂತ ಕಾಣುತ್ತದೆ. ತೆಗೆಯಬೇಡಿ, ನನಗೂ ಇದೆ. ಸ್ಕರ್ಟ್‌ನ ಕೆಳ ಅಂಚು ಮೂಗಿನ ಕೆಳಗೇ ಮೇಲ್ದುಟಿಯ ಮೇಲೆ ಕೂರುತ್ತದೆ. ಅಲ್ಲಿ ಕೂದಲಿದ್ದರೆ ಒಂದೊಂದು ಎಳೆಯ ಪಕ್ಕದಲ್ಲೂ ನೀರಿಗೆ ಕಾಲುವೆ ಮಾಡಿಕೊಟ್ಟಂತೆ. ಹೊಳ್ಳೆಯ ಕೆಳಗೆ ಅರ್ಧ ಸೆಂಟಿಮೀಟರ್‌ನಷ್ಟು ಪಟ್ಟಿ ಬೋಳಿಸಿ, ಕೆಳಗಿನ ಮೀಸೆ ಹಾಗೇ ಇರಲಿ. ಎದುರಿಗೆ ನಿಂತವರಿಗೆ ಅದು ಗೊತ್ತೂ ಆಗುವುದಿಲ್ಲ. ಬೆಳಿಗ್ಗೆ ಡೈವ್ ಇದ್ದರೆ ಅಂದೇ ಬೋಳಿಸಿ. ಎರಡು ದಿನದ ಮೊಳಕೆ ಕೂದಲು ಗಟ್ಟಿಯಾಗಿ ಚುಚ್ಚುತ್ತದೆ. ವ್ಯಾಸಲೀನ್ ಹಚ್ಚಿ ಅಂತ ಕೆಲವರು ಹೇಳುತ್ತಾರೆ. ನನಗೆ ಇಷ್ಟವಿಲ್ಲ. ಬೆರಳಿಗಾಗುತ್ತದೆ, ಬೆರಳಿನಿಂದ ಗಾಜಿಗಾಗುತ್ತದೆ, ಆಮೇಲೆ ಇಡೀ ಡೈವ್ ಮಂಜಿನಲ್ಲಿ ನೋಡಿದ ಹಾಗೆ.

ನೇತ್ರಾಣಿಯಲ್ಲಿ ನಿಮಗೆ ಬಂದ ನೀರಿನಲ್ಲಿ ಮೀಸೆಯ ಪಾಲು ಇದ್ದೇ ಇರುತ್ತದೆ. ಇನ್ನೊಂದು ಪಾಲು ಮೂಗಿನದಿರಬಹುದು. ಮೊದಲ ಸಲ ಇಳಿಯುವವರು ಗಾಬರಿಯಲ್ಲಿ ಗೊತ್ತಿಲ್ಲದೇ ಮೂಗಿನಿಂದ ಉಸಿರು ಬಿಡುತ್ತಿರುತ್ತಾರೆ. ಪ್ರತಿ ಸಲವೂ ಗಾಳಿ ಸ್ಕರ್ಟನ್ನು ಎತ್ತಿ ಹೊರಗೆ ಹೋಗುತ್ತದೆ, ಹಿಂದೆಯೇ ನೀರು ಒಳಗೆ. ನಿಮ್ಮ ಫೋಟೋ, ವಿಡಿಯೋ ತೆಗೆದಿದ್ದಾರಲ್ಲ, ಹಾಕಿ ನೋಡಿ. ಗುಳ್ಳೆಗಳು ಬಾಯಿಯ ಹತ್ತಿರದಿಂದ ಮಾತ್ರ ಬರುತ್ತಿವೆಯೋ, ಮಾಸ್ಕ್‌ನ ಅಂಚಿನಿಂದಲೂ ಬರುತ್ತಿವೆಯೋ? ಅಂಚಿನಿಂದ ಬರುತ್ತಿದ್ದರೆ ಯಾವ ಮಾಸ್ಕ್ ತಂದರೂ ನೀರು ಬರುತ್ತದೆ. ಮೇಲೇರುವಾಗ ಬರುವ ಗುಳ್ಳೆ ಲೆಕ್ಕಕ್ಕಿಲ್ಲ. ಆಗ ಒಳಗಿನ ಗಾಳಿ ಹಿಗ್ಗಿ ತಾನಾಗೇ ಹೋಗುತ್ತದೆ. ನಗುವೂ ಒಂದು ಕಾರಣ. ಆಮೆ ಕಂಡಾಗ ನಕ್ಕರೆ ಕೆನ್ನೆಯ ಗೆರೆ ಆಳವಾಗಿ ನೀರು ನುಗ್ಗುತ್ತದೆ. ಅದಕ್ಕೆ ಮದ್ದಿಲ್ಲ, ನಕ್ಕುಬಿಡಿ. ನೀರು ಹೊರಹಾಕುವುದನ್ನು ಓಪನ್ ವಾಟರ್ ಕೋರ್ಸ್‌ನಲ್ಲಿ ಕಲಿಸೇ ಕಲಿಸುತ್ತಾರೆ. ಫ್ರೇಮ್‌ನ ಮೇಲ್ಭಾಗ ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ ಮೂಗಿನಿಂದ ಊದಿದರೆ ನೀರು ಕೆಳಗಿನಿಂದ ಹೋಗುತ್ತದೆ. ಡೈವ್‌ಗೆ ಒಂದೆರಡು ಚಮಚ ನೀರು ಬರುವುದು ನನಗೂ ಇದೆ.

ಇಳಿಯುವ ಮೊದಲು ಕೂದಲನ್ನೂ ನೋಡಿ. ಹಣೆಯ ಮೇಲೆ ಬಿದ್ದ ನಾಲ್ಕು ಕೂದಲು ಸ್ಕರ್ಟ್‌ನ ಅಡಿಗೆ ಸಿಕ್ಕರೆ ಸಾಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬರುವವರ ಮಾಸ್ಕ್ ಜಾರುತ್ತಲೇ ಇರುತ್ತದೆ. ಸನ್‌ಸ್ಕ್ರೀನ್ ಕೂಡ ಹಾಗೆ, ಮಾಸ್ಕ್ ಕೂರುವ ಜಾಗ ಬಿಟ್ಟು ಹಚ್ಚಿ. ಪಟ್ಟಿ ಕಿವಿಯ ಮೇಲುಗಡೆಯಿಂದ ಹೋಗಿ ತಲೆಯ ಹಿಂದೆ ಅಗಲವಾದ ಭಾಗದಲ್ಲಿ ಕೂರಬೇಕು. ಕುತ್ತಿಗೆಗೆ ಇಳಿದರೆ ಮೇಲಂಚು ಎತ್ತಿಕೊಳ್ಳುತ್ತದೆ, ನೆತ್ತಿಗೆ ಏರಿದರೆ ಕೆಳಂಚು. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು.

ಕನ್ನಡಕದ ವಿಷಯ ಸುಲಭ. ಮಾಸ್ಕ್ ಒಳಗೆ ಕನ್ನಡಕ ಹಾಕಲು ಬರುವುದಿಲ್ಲ, ಕಡ್ಡಿಗಳು ಸ್ಕರ್ಟನ್ನು ಎತ್ತುತ್ತವೆ. ಎರಡು ಗಾಜಿನ ಕೆಲವು ಮಾಸ್ಕ್‌ಗಳಿಗೆ ಪವರ್ ಇರುವ ಗಾಜು ಸಿದ್ಧವಾಗಿಯೇ ಸಿಗುತ್ತದೆ, ಅರ್ಧರ್ಧ ಪವರ್‌ನ ಅಂತರದಲ್ಲಿ. ನಿಮ್ಮ ಮೈನಸ್ ಎರಡೂವರೆ ಅದರಲ್ಲಿ ಬರುತ್ತದೆ. ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಪವರ್ (ಅಸ್ಟಿಗ್ಮಾಟಿಸಂ) ಜಾಸ್ತಿ ಇದ್ದರೆ ಮಾತ್ರ ಬೇರೆಯಾಗಿ ಮಾಡಿಸಬೇಕು. ಹಾಗಾಗಿ ಅಂಗಡಿಯಲ್ಲಿ ಎರಡು ಗಾಜಿನ, ಪವರ್ ಗಾಜು ಸಿಗುವ ಮಾಡೆಲ್‌ಗಳನ್ನೇ ಮೊದಲು ಮುಖಕ್ಕಿಟ್ಟು ನೋಡಿ. ಫ್ರೇಮ್ ಇಲ್ಲದ ಒಂಟಿ ಗಾಜಿನ ಮಾಸ್ಕ್ ಚಂದ ಕಾಣುತ್ತದೆ, ಬ್ಯಾಗಿನಲ್ಲಿ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ, ಆದರೆ ಗಾಜು ಬದಲಿಸಲು ಬರುವುದಿಲ್ಲ. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ, ಹತ್ತಿರ ಕಾಣುತ್ತವೆ. ಅದರಿಂದ ಸಣ್ಣ ಪವರ್‌ನವರು ಸುಮ್ನೆ ಹಾಗೇ ನಿಭಾಯಿಸುತ್ತಾರೆ. ಎರಡೂವರೆಗೆ ದೂರದಲ್ಲಿರುವ ಜೊತೆಗಾರನನ್ನು ಗುರುತಿಸಲು ಕಷ್ಟ. ಮೆತ್ತನೆಯ, ದಿನಕ್ಕೊಂದು ಬಿಸಾಡುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿಯೂ ಡೈವ್ ಮಾಡಬಹುದು. ಆದರೆ ಕೋರ್ಸ್‌ನಲ್ಲಿ ಮಾಸ್ಕ್ ತೆಗೆದು ಹಾಕುವ ಅಭ್ಯಾಸ ಇರುತ್ತದೆ, ಆಗ ಕಣ್ಣು ಗಟ್ಟಿಯಾಗಿ ಮುಚ್ಚಿರಬೇಕು. ನಿಮ್ಮ ಬೋಧಕರಿಗೆ ಮೊದಲೇ ಹೇಳಿಡಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗಾಜಿನ ಮೇಲೆ ಟೆಂಪರ್ಡ್ (ಗಟ್ಟಿಗೊಳಿಸಿದ ಗಾಜು) ಅಂತ ಗುರುತು ಇರಬೇಕು. ಸ್ಕರ್ಟ್ ಸಿಲಿಕೋನ್‌ದೇ ಆಗಿರಲಿ. ಅಗ್ಗದ ಆಟಿಕೆ ಮಾಸ್ಕ್‌ಗಳ ಪಿವಿಸಿ ಅಂಚು ಗಟ್ಟಿ, ಮುಖಕ್ಕೆ ಬಾಗುವುದಿಲ್ಲ. ಪಾರದರ್ಶಕ ಸ್ಕರ್ಟ್‌ನಲ್ಲಿ ಬೆಳಕು ಜಾಸ್ತಿ, ಇಕ್ಕಟ್ಟು ಅನ್ನಿಸುವುದಿಲ್ಲ, ಆದರೆ ಕಾಲ ಕಳೆದಂತೆ ಹಳದಿಯಾಗುತ್ತದೆ. ಕಪ್ಪು ಸ್ಕರ್ಟ್‌ನಲ್ಲಿ ಪಕ್ಕದ ಬೆಳಕು ಗಾಜಿಗೆ ಹೊಡೆಯುವುದಿಲ್ಲ, ಫೋಟೋ ತೆಗೆಯುವವರಿಗೆ ಅದೇ ಇಷ್ಟ. ಇದೆಲ್ಲ ರುಚಿಯ ವಿಷಯ. ಹೊಸ ಗಾಜಿನ ಮೇಲೆ ತಯಾರಿಕೆಯ ಜಿಡ್ಡು ಇರುತ್ತದೆ, ಅದಿದ್ದರೆ ಮಂಜು ಕಟ್ಟಿಯೇ ಕಟ್ಟುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟ್ ಹಾಕಿ ಒಳಗಡೆ ಬೆರಳಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ, ಎರಡು ಮೂರು ಸಲ. ಗಾಜಿಗೆ ಒಳಗಡೆ ಲೇಪನ ಇದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಮಾತ್ರ ಉಜ್ಜಬೇಡಿ. ಲೈಟರ್‌ನಿಂದ ಸುಡುವ ವಿಡಿಯೋಗಳನ್ನು ನೋಡಿ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಸ್ಕರ್ಟ್ ಕರಟಿಸಿಕೊಂಡು ಬಂದವರನ್ನು ನೋಡಿದ್ದೇನೆ. ಆಮೇಲೆ ಪ್ರತಿ ಡೈವ್‌ಗೂ ಒಂದು ಹನಿ ಬೇಬಿ ಶಾಂಪೂ, ಅಥವಾ ನಾವೆಲ್ಲ ಮಾಡುವ ಹಾಗೆ ಉಗುಳು.

ಆನ್‌ಲೈನ್‌ನಲ್ಲಿ ಐದು ಸ್ಟಾರ್ ನೋಡಿ ತರಿಸಬೇಡಿ. ಆ ಸ್ಟಾರ್ ಕೊಟ್ಟವರ ಮೂಗು ನಿಮ್ಮದಲ್ಲ. ಬೆಂಗಳೂರಿನ ಕಡೆ ಬಂದರೆ ಡೆಕಾತ್ಲಾನ್‌ನಂಥ ಅಂಗಡಿಯಲ್ಲಿ ಮುಖಕ್ಕಿಟ್ಟು ನೋಡಬಹುದು. ಅದಕ್ಕಿಂತ ಒಳ್ಳೆಯ ಜಾಗ ಅಂಡಮಾನಿನಲ್ಲೇ ಇದೆ. ನೀವು ಕೋರ್ಸ್ ಮಾಡುವ ಡೈವ್ ಸೆಂಟರ್‌ನಲ್ಲಿ ನಾಲ್ಕಾರು ಆಕಾರದ ಬಾಡಿಗೆ ಮಾಸ್ಕ್ ಇರುತ್ತವೆ. ದಿನಕ್ಕೊಂದು ಹಾಕಿ ನೋಡಿ. ಮೊದಲ ದಿನದ ಅಭ್ಯಾಸ ಆಳವಿಲ್ಲದ ನೀರಿನಲ್ಲೇ ಇರುವುದರಿಂದ ನೀರು ಬಂದರೂ ನಷ್ಟವಿಲ್ಲ. ಸರಿಹೋದದ್ದರ ಮಾಡೆಲ್ ಹೆಸರು ಬರೆದುಕೊಂಡು ಅದನ್ನೇ ಕೊಳ್ಳಿ. ಜನವರಿಗೆ ಮೊದಲೇ ಬೇಕು ಅಂದರೆ, ತಂದ ಮೇಲೆ ಮನೆಯಲ್ಲೇ ಅಗಲ ಬಕೆಟ್‌ನಲ್ಲಿ ನೀರು ತುಂಬಿ, ಸ್ನಾರ್ಕೆಲ್ ಕಚ್ಚಿಕೊಂಡು ಐದು ನಿಮಿಷ ಮುಖ ಮುಳುಗಿಸಿ ನೋಡಿ. ಪಕ್ಕದಲ್ಲಿ ಯಾರಾದರೂ ನಿಂತಿರಲಿ.

ವಿಮಾನದಲ್ಲಿ ಹೋಗುವಾಗ ಅದರದ್ದೇ ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲಿ ಒಯ್ಯಿರಿ. ಸೂಟ್‌ಕೇಸ್‌ನಲ್ಲಿ ಬೂಟಿನ ಕೆಳಗೆ ಅದುಮಿ ಇಟ್ಟರೆ ಸ್ಕರ್ಟ್ ಸೊಟ್ಟಗಾಗಿ ಹಾಗೇ ನಿಂತುಬಿಡುತ್ತದೆ. ಡೈವ್ ಮುಗಿದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಹಾಂ, ನೇತ್ರಾಣಿಗೆ ಕರೆದುಕೊಂಡು ಹೋದವರಿಗೆ ಒಂದು ಫೋನ್ ಮಾಡಿ, ಅಂದು ಕೊಟ್ಟ ಮಾಸ್ಕ್ ಯಾವ ಮಾಡೆಲ್ ಅಂತ ಕೇಳಿಡಿ. ನಿಮ್ಮ ಹೆಂಡತಿಗೆ ಬೇಕಾಗುತ್ತದೆ.